ಬಂದೂಕಿಗೆ ಸಂಬಂಧ ನೋಡಿದವರು

ನನ್ನ ಬಂದೂಕಿಗೆ ಮದುವೆ ಮಾಡಿಸಿದವರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಹೀಗೆ ಬರೆದರೆ ಓದುವವರು ಇವಳಿಗೆ ತಲೆ ಕೆಟ್ಟಿದೆ ಅಂದಾರು. ಅನ್ನಲಿ. ಅವರ ವಿಷಯವನ್ನು ಬೇರೆ ಹೇಗೆ ಶುರು ಮಾಡಿದರೂ ಅದು ಅವರದು ಅನ್ನಿಸುವುದಿಲ್ಲ. ಗಂಗಾವತಿಯಲ್ಲಿ ಮುಚ್ಚಿಹೋದ ಅಕ್ಕಿ ಗಿರಣಿಯೊಂದರ ಗೋದಾಮಿನಲ್ಲಿ ಅವರು ಏರ್ ರೈಫಲ್ ಕಲಿಸುತ್ತಿದ್ದರು. ನಾವೆಲ್ಲ ಸರ್ ಅನ್ನುತ್ತಿದ್ದೆವು. ಹೆಸರು ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿ, ಅಂದರೆ ನಮ್ಮ ಅಮ್ಮಾರು, ಇದ್ದಾಗ ಮೆರೆದದ್ದು ಸಾಲದೇನು ಎಂದು ನನ್ನ ಕಿವಿ ಹಿಂಡುತ್ತಾರೆ.

ಸರ್ ಮೂಲತಃ ತಳಕಲ್ಲಿನವರು. ಕೊಪ್ಪಳದಲ್ಲಿ ಪೊಲೀಸರ ಬಂದೂಕು ರಿಪೇರಿ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಇಡೀ ಸರ್ವಿಸಿನಲ್ಲಿ ಒಬ್ಬ ಕಳ್ಳನ ಮೇಲೂ ಗುಂಡು ಹಾರಿಸಲಿಲ್ಲ, ಆದರೆ ಮಾತಿಗೆ ಕೂತರೆ ಅರ್ಧ ಜಿಲ್ಲೆಯ ಕಳ್ಳರು ಅವರ ಹೆಸರು ಕೇಳಿಯೇ ಗುಳೆ ಹೋಗಿದ್ದರು ಅನ್ನಿಸಬೇಕು. ಮೀಸೆಗೆ ಕಪ್ಪು ಹಚ್ಚುತ್ತಿದ್ದರು, ಕೆಲವು ಸಲ ಮೇಲ್ದುಟಿಗೂ ಹತ್ತುತ್ತಿತ್ತು. ಖಾಕಿ ಪ್ಯಾಂಟು ಬಿಟ್ಟು ಬೇರೆ ಪ್ಯಾಂಟು ಹಾಕಿದ್ದನ್ನು ನಾನು ನೋಡಿಲ್ಲ. ಗಿರಣಿಯ ಮಾಲೀಕರು ಸಾಲಿಯಲ್ಲಿ ಅವರ ಜೊತೆ ಓದಿದ ಗೆಳೆಯರು. ಗೋದಾಮು ಖಾಲಿ ಬಿದ್ದು ಹೆಗ್ಗಣ ಸೇರುವುದಕ್ಕಿಂತ ನೀನೇ ಸೇರಿಕೋ ಎಂದು ಕೀಲಿಕೈ ಕೊಟ್ಟಿದ್ದರಂತೆ. ಹೆಗ್ಗಣಗಳೂ ಇದ್ದವು. ಗೋಡೆಯಿಂದ ಇವತ್ತಿಗೂ ತೌಡಿನ ವಾಸನೆ ಬರುತ್ತದೆ.

ಬಂದೂಕಿನ ಸಾಲಿ ತೆರೆದಿದ್ದಾರೆ ಅಂದ ಕೂಡಲೇ ಊರಿನವರಿಗೆ ಬೇರೆ ಬೇರೆ ಆಸೆ ಹುಟ್ಟಿತು. ಆನೆಗೊಂದಿಯ ಬಾಳೆ ತೋಟದವರೊಬ್ಬರು ಒಂದು ಗೊನೆ ಹೊತ್ತುಕೊಂಡೇ ಬಂದರು. ಮಂಗಗಳ ಕಾಟ ತಡೆಯಲಾಗುತ್ತಿಲ್ಲ, ಎರಡು ದಿನಕ್ಕೆ ನಿಮ್ಮ ಹುಡುಗರನ್ನು ಕಳಿಸಿ ಅಂತ. ಸರ್ ಗೊನೆಯನ್ನು ಮೊದಲು ಇಳಿಸಿಕೊಂಡರು. ಆಮೇಲೆ ಆ ಮನುಷ್ಯನನ್ನು ಕೂಡಿಸಿ, ಹನುಮಪ್ಪ ಹುಟ್ಟಿದ ಬೆಟ್ಟದ ಬುಡದಲ್ಲಿ ಇದ್ದುಕೊಂಡು ಮಂಗ್ಯಾಗಳಿಗೆ ಬಂದೂಕು ತೋರಿಸುತ್ತೀಯಲ್ಲ, ನಿನಗೆ ಹೆದರಿಕೆ ಇಲ್ಲವೇ ಎಂದು ಒಂದು ತಾಸು ಬುದ್ಧಿ ಹೇಳಿದರು. ಅವರು ಬಾಡಿದ ಮುಖ ಹೊತ್ತು ಹೋದರು. ಗೊನೆ ಮಾತ್ರ ವಾಪಸ್ ಹೋಗಲಿಲ್ಲ. ನಾವು ವಾರವಿಡೀ ಬಾಳೆಹಣ್ಣು ತಿಂದೆವು.

ಇನ್ನು ಮದುವೆಯ ವಿಷಯ. ಏರ್ ರೈಫಲ್ಲಿನಲ್ಲಿ ಹಾಕುವ ಸೀಸದ ಗುಂಡಿಗೆ ನಮ್ಮ ಕಡೆ ಛರ್ರಾ ಅನ್ನುತ್ತಾರೆ. ತೊಗರಿಕಾಳಿನಷ್ಟು ಇರುತ್ತದೆ. ಮುಂದೆ ಚಪ್ಪಟೆ ತಲೆ, ನಡು ಸಣ್ಣ, ಹಿಂದೆ ಟೊಳ್ಳಾಗಿ ಅರಳಿದ ಲಂಗ. ಹತ್ತು ಮೀಟರ್ ದೂರದಲ್ಲಿರುವ ಚುಕ್ಕೆಗೆ ಅದನ್ನು ಹೊಡೆಯಬೇಕು. ಆ ಚುಕ್ಕೆ ನೀವು ಪೆನ್ನಿನಿಂದ ಇಟ್ಟ ಪೂರ್ಣವಿರಾಮಕ್ಕಿಂತ ಹೆಚ್ಚೇನೂ ದೊಡ್ಡದಲ್ಲ. ಅಲ್ಲಿ ಕೂದಲೆಳೆಯಷ್ಟು ಆಚೀಚೆ ಆದರೂ ಅಂಕ ಇಳಿಯುತ್ತದೆ. ಕಾರ್ಖಾನೆಯಿಂದ ಬರುವ ಒಂದೇ ಡಬ್ಬಿಯಲ್ಲಿ ಕೂಡ ಛರ್ರಾಗಳು ಒಂದರಂತೆ ಒಂದು ಇರುವುದಿಲ್ಲ. ಒಂದರ ಲಂಗ ಸ್ವಲ್ಪ ಅಗಲ, ಇನ್ನೊಂದರ ತಲೆ ಸ್ವಲ್ಪ ಸೊಟ್ಟ. ಒಂದು ಬಂದೂಕಿಗೆ ಒಗ್ಗಿದ ಡಬ್ಬಿ ಇನ್ನೊಂದಕ್ಕೆ ಒಗ್ಗುವುದಿಲ್ಲ. ಸರ್ ಇದನ್ನು ಕನ್ಯಾ ನೋಡುವುದು ಅನ್ನುತ್ತಿದ್ದರು.

"ತಂಗಿ, ಬಂದೂಕು ಎಷ್ಟ ಛಲೋ ಇರಲಿ, ಛರ್ರಾ ಕೂಡಲಿಲ್ಲ ಅಂದ್ರ ಸಂಸಾರ ಆಗಂಗಿಲ್ಲ" ಎಂದು ನನಗೆ ಮೊದಲ ದಿನವೇ ಹೇಳಿದ್ದರು. ಬಂದೂಕನ್ನು ಮೇಜಿಗೆ ಬಿಗಿದು, ಬೇರೆ ಬೇರೆ ಡಬ್ಬಿಯ ಛರ್ರಾ ಹೊಡೆದು, ಕಾಗದದ ಮೇಲಿನ ತೂತು ನೋಡುತ್ತಿದ್ದರು. ಎಲ್ಲ ಒಂದೇ ತೂತಿನಲ್ಲಿ ಹೋದರೆ ಸಂಬಂಧ ಕೂಡಿತು. ಚದುರಿದರೆ ಆ ಡಬ್ಬಿಗೆ ಒಂದೊಂದು ಹೆಸರು. ಇದು ಜಗಳಗಂಟಿ. ಇದು ತವರುಮನೆ ಕಡೆಗೇ ಓಡುತ್ತದೆ. ಇದು ನೋಡಲು ಸಾಧು, ಒಳಗೆ ಖಡಕ್. ಚಹಾ ತಂದ ಅಮ್ಮಾರು ಒಮ್ಮೆ ಇದನ್ನೆಲ್ಲ ಕೇಳುತ್ತ ನಿಂತವರು, ನಮ್ಮ ಲಗ್ನಕ್ಕೂ ಯಾರಾದರೂ ಹೀಗೆ ಪರೀಕ್ಷೆ ಇಟ್ಟಿದ್ದರೆ ನಾನು ತಪ್ಪಿಸಿಕೊಳ್ಳುತ್ತಿದ್ದೆ ಅಂದುಬಿಟ್ಟರು. ಸರ್ ಆ ದಿನ ಸಂಜೆಯವರೆಗೂ ಮೀಸೆ ತಿರುವಲಿಲ್ಲ.

ಡಬ್ಬಿ ಗೊತ್ತಾದ ಮೇಲೆ ಎರಡನೆಯ ಪರೀಕ್ಷೆ, ಗಾಜಿನದು. ಗಿರಣಿಯ ಆಫೀಸಿನ ಕಿಟಕಿಯಿಂದ ಬಿಚ್ಚಿದ ಉದ್ದನೆಯ ಗಾಜೊಂದು ಅವರ ಬಳಿ ಇತ್ತು. ಅದರ ಒಂದು ತುದಿಯನ್ನು ಬೆಂಕಿಪೊಟ್ಟಣದ ಮೇಲೆ ಏರಿಸಿ, ಕೆಳಗಿನ ತುದಿಯಲ್ಲಿ ಕಪ್ಪು ಬಟ್ಟೆ ಹಾಸಿ, ಅದರ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಸಾಲಾಗಿ ಮನೆ ಮಾಡುತ್ತಿದ್ದರು. ಮೇಲಿನಿಂದ ಒಂದೊಂದೇ ಛರ್ರಾ ಬಿಟ್ಟರೆ ಅದು ನೆಟ್ಟಗೆ ಉರುಳುವುದಿಲ್ಲ. ಲಂಗ ಅಗಲ, ತಲೆ ಸಣ್ಣ ಅಲ್ಲವೇ, ಹಾಗಾಗಿ ಬಿಲ್ಲಿನಂತೆ ತಿರುಗಿ ಇಳಿಯುತ್ತದೆ. ಒಂದೇ ತಿರುವಿನಲ್ಲಿ ಇಳಿದು ಒಂದೇ ಮನೆಯಲ್ಲಿ ಬಿದ್ದವು ಒಂದೇ ಅಳತೆಯವು. ಅವನ್ನೆಲ್ಲ ಆರಿಸಿ ಬೇರೆ ಡಬ್ಬಿಗೆ ಹಾಕಿ, ಮೇಲೆ ಬಂದೂಕಿನ ಹೆಸರು ಬರೆದರೆ ಲಗ್ನ ಮುಗಿದಂತೆ. ಗಾಜನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಧೂಳು ಒರೆಸಲು ಹೋದರೂ ಬೈಗುಳ. ನಾನೊಮ್ಮೆ ನನ್ನ ಛರ್ರಾ ನಾನೇ ಆರಿಸುತ್ತೇನೆ ಅಂದಾಗ, ಹುಡುಗ ತನ್ನ ಕನ್ಯಾವನ್ನು ತಾನೇ ನೋಡಿಕೊಳ್ಳುವ ಕಾಲ ನಿನ್ನ ಕಡೆ ಬಂದಿರಬಹುದು, ನನ್ನ ಗೋದಾಮಿಗೆ ಇನ್ನೂ ಬಂದಿಲ್ಲ ಅಂದರು.

ನನ್ನ ಊರು ಶ್ರೀರಾಮನಗರ. ಅಪ್ಪನದು ಕಾಲುವೆಯ ಗೇಟು ನೋಡುವ ಸರ್ಕಾರಿ ನೌಕರಿ. ಯಾವ ಗದ್ದೆಗೆ ಯಾವಾಗ ನೀರು ಎಂಬುದರ ಜಗಳದಲ್ಲೇ ಅವರ ಆಯುಷ್ಯ ಸಾಗಿದ್ದರಿಂದ, ಮನೆಯಲ್ಲಿ ಯಾರಾದರೂ ಹಟ ಮಾಡಿದರೆ ಅವರಿಗೆ ಆಗುತ್ತಿರಲಿಲ್ಲ. ನನಗೋ ಹಟವೇ ಆಸ್ತಿ. ಗಂಗಾವತಿಯ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ಬಂದೂಕು ಹಿಡಿದು, ಅಲ್ಲಿಂದ ಯಾರೋ ಹೇಳಿದರೆಂದು ಸರ್ ಗೋದಾಮಿಗೆ ಬಂದೆ. ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿ, ರೊಟ್ಟಿ ಬಡಿದ ಕೈ, ಅಲುಗುವುದಿಲ್ಲ, ನಾಳೆಯಿಂದ ಬಾ ಅಂದರು. ನಾನು ಅವತ್ತಿನವರೆಗೆ ಒಂದು ರೊಟ್ಟಿಯನ್ನೂ ನೆಟ್ಟಗೆ ಬಡಿದಿರಲಿಲ್ಲ. ಹೇಳಿದರೆ ಬೇಡ ಅಂದಾರು ಎಂದು ಸುಮ್ಮನಿದ್ದೆ.

ಎರಡು ವರ್ಷ ಚೆನ್ನಾಗಿ ಹೊಡೆದೆ. ವಿಭಾಗ ಮಟ್ಟದಲ್ಲಿ ಹೆಸರು ಬಂತು. ರಾಜ್ಯದ ಪಂದ್ಯದಲ್ಲಿ ಅರ್ಹತೆಯ ಅಂಕ ಮುಟ್ಟಿದರೆ ರಾಷ್ಟ್ರಮಟ್ಟಕ್ಕೆ ಹೋಗಬಹುದು, ಅಲ್ಲಿಗೆ ಹೋದರೆ ಕ್ರೀಡಾ ಕೋಟಾದಲ್ಲಿ ನೌಕರಿಯ ಬಾಗಿಲು ತೆರೆಯುತ್ತದೆ. ಮುಟ್ಟೇ ಮುಟ್ಟುತ್ತೇನೆ ಅನ್ನುವ ಹೊತ್ತಿಗೆ ಮೂರನೆಯ ವರ್ಷ ನನ್ನ ಅಂಕ ಇಳಿಯತೊಡಗಿತು. ನಿಂತ ನಿಲುವು ಅದೇ, ಬಂದೂಕು ಅದೇ, ಹೊಡೆತ ಮಾತ್ರ ಎಲ್ಲೆಲ್ಲೋ. ಹತ್ತಕ್ಕೆ ಎಂದು ಬಿಟ್ಟದ್ದು ಒಂಬತ್ತಕ್ಕೆ ಕೂರುತ್ತಿತ್ತು. ಸರ್ ನನ್ನ ಹಿಂದೆ ನಿಂತು ಕಾರಣ ಕಂಡುಹಿಡಿದರು. ನನ್ನ ಉಸಿರು ಕೆಟ್ಟಿದೆಯಂತೆ.

ಅಲ್ಲಿಂದ ಶುರುವಾಯಿತು ಉಸಿರಿನ ವನವಾಸ. ಬೆಳಿಗ್ಗೆ ಗೋದಾಮಿನ ನೆಲದ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಅಮ್ಮಾರ ಮನೆಯ ಹಿತ್ತಾಳೆಯ ಸೇರು ಇಟ್ಟುಕೊಂಡು, ಅದು ಅಲುಗದಂತೆ ಉಸಿರಾಡಬೇಕು. ನಡುವೆ ಹೆಗ್ಗಣ ಓಡಿದರೂ ಏಳುವಂತಿಲ್ಲ. ಎಣ್ಣೆ ಪದಾರ್ಥ ತಿಂದರೆ ಉಸಿರು ಭಾರವಾಗುತ್ತದೆ ಎಂದು ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ, ಬಂದ್. ಇದು ಎಂಥ ಶಿಕ್ಷೆ ಎಂಬುದು ನಮ್ಮ ಕಡೆಯವರಿಗಷ್ಟೇ ತಿಳಿದೀತು. ಸಂಜೆ ಗೆಳತಿಯರೆಲ್ಲ ಮಂಡಾಳು ಮಿರ್ಚಿಯ ಮುಂದೆ ಕೂತರೆ ನಾನು ಬರೀ ಮಂಡಾಳು, ಆ ಒಣ ಮಂಡಕ್ಕಿಯನ್ನಷ್ಟೇ, ಜಗಿಯುತ್ತಿದ್ದೆ. ಒಂದು ವರ್ಷ! ಆದರೂ ಅಂಕ ಏರಲಿಲ್ಲ. ಸರ್ ಬೈಯುವುದು ಏರಿತು. ಬಂದೂಕು ನಿನ್ನ ಉಸಿರಿಗೆ ಹೇಸಿಕೊಳ್ಳುತ್ತದೆ ಎಂದು ಎಲ್ಲರ ಎದುರು ಅಂದ ದಿನ ನಾನು ಬಸ್ಸಿನಲ್ಲಿ ಊರವರೆಗೂ ಅತ್ತೆ. ಮನೆಯಲ್ಲಿ ಕಣ್ಣಿಗೆ ಧೂಳು ಬಿತ್ತು ಅಂದೆ.

ಅದೇ ವರ್ಷ ಸರ್ ಬಗ್ಗೆ ನಗುವಂಥ ಸಂಗತಿಗಳೂ ಹೆಚ್ಚಾದವು. ನಾನು ನನ್ನ ಶೂಟಿಂಗ್ ಜಾಕೆಟ್ಟನ್ನು ಒಂದು ಹೊಟ್ಟಿನ ಚೀಲಕ್ಕೆ ತೊಡಿಸಿ ಹೋಗಿದ್ದಾಗ, ಸರ್ ಬಂದು ಆ ಚೀಲಕ್ಕೆ ಎಡಗಾಲು ಸ್ವಲ್ಪ ಹಿಂದೆ ತೆಗೆದುಕೋ ಎಂದು ಪಾಠ ಮಾಡಿದರು. ನಾವು ಬಿದ್ದು ಬಿದ್ದು ನಕ್ಕೆವು. ಅವರೂ ನಕ್ಕು, ನೀವು ನಗುತ್ತೀರೋ ಇಲ್ಲವೋ ಎಂದು ಪರೀಕ್ಷೆ ಮಾಡಿದೆ ಅಂದರು. ಮೊಪೆಡ್ಡು ಬಿಟ್ಟು ನಡೆದು ಬರತೊಡಗಿದರು, ವ್ಯಾಯಾಮವಂತೆ. ಪೇಪರನ್ನು ಅಮ್ಮಾರಿಂದ ಓದಿಸಿ ಕೇಳುತ್ತಿದ್ದರು, ಹೆಂಗಸರಿಗೆ ಲೋಕಜ್ಞಾನ ಇರಬೇಕಂತೆ. ಪ್ರತಿಯೊಂದಕ್ಕೂ ಅವರಲ್ಲಿ ಒಂದು ಕಾರಣ ತಯಾರಿರುತ್ತಿತ್ತು, ನಾವು ನಂಬುತ್ತಿದ್ದೆವು.

ರಾಜ್ಯದ ಪಂದ್ಯ ಆ ಸಲ ದಸರೆಯ ಮರುವಾರ ಬೆಂಗಳೂರಿನಲ್ಲಿ ಗೊತ್ತಾಯಿತು. ಅಪ್ಪ ಊಟಕ್ಕೆ ಕೂತಾಗ ತಮ್ಮ ತೀರ್ಮಾನ ಹೇಳಿದರು. ಇದು ಕೊನೆಯ ಸಲ. ಅರ್ಹತೆ ಸಿಕ್ಕರೆ ನಿನ್ನ ದಾರಿ ನಿನಗೆ, ಸಿಗದಿದ್ದರೆ ಸರ್ ಕೊಟ್ಟಿದ್ದ ಬಂದೂಕನ್ನು ವಾಪಸ್ ಕೊಟ್ಟು ಬಿ.ಎಡ್. ಸೇರುವುದು. ಅವರು ಸಿಟ್ಟಿನಿಂದ ಹೇಳಿದ್ದರೆ ಜಗಳ ಆಡುತ್ತಿದ್ದೆ. ಮೆಲ್ಲಗೆ, ನನ್ನ ತಾಟಿಗೆ ತುಪ್ಪ ಹಾಕುತ್ತ ಹೇಳಿದರು. ನಾನು ಹೂಂ ಅಂದೆ.

ಆಯುಧ ಪೂಜೆಯ ದಿನ ಗೋದಾಮು ನೋಡುವ ಹಾಗಿತ್ತು. ಮೇಜಿನ ಮೇಲೆ ಬಾಳೆಲೆ ಹಾಸಿ ಬಂದೂಕುಗಳನ್ನು ಸಾಲಾಗಿ ಮಲಗಿಸಿ, ಚೆಂಡುಹೂವು, ವಿಭೂತಿ, ನಿಂಬೆಹಣ್ಣು. ಸರ್‌ಗೆ ಈ ಪೂಜೆಯ ವಿಷಯದಲ್ಲಿ ಭಾರಿ ನಿಷ್ಠೆ. ಪೊಲೀಸ್ ಕೆಲಸದಲ್ಲಿದ್ದಾಗ ಪೂಜೆ ತಪ್ಪಿದ ವರ್ಷ ಒಂದು ಬಂದೂಕು ಮುನಿಸಿಕೊಂಡು ವರ್ಷವಿಡೀ ಸಿಡಿಯಲೇ ಇಲ್ಲವಂತೆ. ನಾನು ಹೊರಗೆ ಬಾಗಿಲಿಗೆ ಬಾಳೆಕಂಬ ಕಟ್ಟುತ್ತಿದ್ದೆ. ಒಳಗೆ ಬಂದು ಮಂಗಳಾರತಿ ತೆಗೆದುಕೊಂಡೆ, ಮಂಡಕ್ಕಿ ತಿಂದೆ. ನನ್ನ ಬಂದೂಕಿಗೆಂದು ಸರ್ ಆರಿಸಿ ಇಟ್ಟಿದ್ದ ಡಬ್ಬಿಗೆ ಅವರೇ ಟೇಪು ಸುತ್ತಿ ನನ್ನ ಚೀಲದಲ್ಲಿ ಇಟ್ಟರು. ಬೆಂಗಳೂರಿನವರೆಗೆ ಬಿಚ್ಚಬೇಡ ಅಂದರು.

ಬಿಚ್ಚಲಿಲ್ಲ. ಪಂದ್ಯದ ಹಿಂದಿನ ಮಧ್ಯಾಹ್ನ ಲಾಡ್ಜಿನ ಕೋಣೆಯಲ್ಲಿ, ಜೊತೆಗೆ ಬಂದಿದ್ದ ಸರ್ ಎದುರಿಗೇ ಬಿಚ್ಚಿದೆ. ಒಳಗೆ ಛರ್ರಾ ಇರಲಿಲ್ಲ, ಕೆಂಪನೆಯ ಒಂದು ಉಂಡೆ ಇತ್ತು. ಬೆರಳು ಹಾಕಿ ಒಡೆದರೆ ಅದರೊಳಗಿಂದ ಛರ್ರಾಗಳು ಬಂದವು, ಒಂದೊಂದರ ಟೊಳ್ಳು ಲಂಗದಲ್ಲೂ ಕುಂಕುಮ ಗಟ್ಟಿಯಾಗಿ ಕೂತಿತ್ತು. ಆಗ ಸರ್ ಬಾಯಿ ಬಿಟ್ಟರು. ಮುಚ್ಚಿದ ಡಬ್ಬಿಗೆ ಪೂಜೆ ಹೇಗೆ ಮುಟ್ಟುತ್ತದೆ ಎಂದು ಅವರೇ ಮುಚ್ಚಳ ತೆಗೆಸಿದ್ದರಂತೆ. ಅಮ್ಮಾರು ಧಾರಾಳ ಕೈಯವರು, ಹಿಡಿ ಕುಂಕುಮ ಏರಿಸಿದ್ದರು. ಅದರ ಮೇಲೆ ಸರ್ ಕಾಯಿ ಒಡೆದ ನೀರು ಪ್ರೋಕ್ಷಣೆ ಮಾಡಿದ್ದರು. ದೇವರ ಪ್ರಸಾದ, ಹಾಗೇ ಹೊಡಿ ಎಂದು ಮೊದಲು ಗತ್ತಿನಿಂದಲೇ ಹೇಳಿದರು. ನಾನು ಒಂದು ಛರ್ರಾವನ್ನು ಅವರ ಅಂಗೈ ಮೇಲೆ ಇಟ್ಟೆ. ಅವರು ಅದನ್ನು ಬೆರಳಿನಲ್ಲಿ ಒರೆಸಿ ಒರೆಸಿ ನೋಡಿ ಮಂಚದ ಮೇಲೆ ಕೂತುಬಿಟ್ಟರು. ಮುಚ್ಚುವಾಗ ನಿಮಗೆ ಕಾಣಲಿಲ್ಲವೇ ಎಂದು ಕೇಳಿದೆ. ಗಡಿಬಿಡಿಯಲ್ಲಿದ್ದೆ ಅಂದರು.

ಪಂದ್ಯದ ಜಾಗದ ಹೊರಗೆ ಅಂಗಡಿ ಹಾಕಿದವರ ಹತ್ತಿರ ಅದೇ ಕಂಪನಿಯ ಹೊಸ ಡಬ್ಬಿಗಳು ಸಿಕ್ಕವು. ಆದರೆ ಹೊಡೆದು ನೋಡಲು ಅಭ್ಯಾಸದ ಹೊತ್ತು ಮುಗಿದಿತ್ತು. ಉಳಿದದ್ದು ಗಾಜಿನ ಪರೀಕ್ಷೆ ಒಂದೇ, ಗಾಜೋ ಗಂಗಾವತಿಯಲ್ಲಿ. ಸರ್ ಲಾಡ್ಜಿಗೆ ಮರಳಿದವರೇ ಸೀದಾ ಮ್ಯಾನೇಜರ ಮೇಜಿನ ಗಾಜಿಗೇ ಕೈ ಹಾಕಿದರು. ಅದರ ಕೆಳಗೆ ತಿರುಪತಿ ತಿಮ್ಮಪ್ಪ, ಬಸ್ಸಿನ ವೇಳಾಪಟ್ಟಿ, ಮ್ಯಾನೇಜರ ಮಗುವಿನ ಫೋಟೋ ಎಲ್ಲ ಇದ್ದವು. ಆ ಮನುಷ್ಯ ಪೊಲೀಸರನ್ನು ಕರೆಯುತ್ತೇನೆ ಅಂದ. ನಾನೇ ಪೊಲೀಸು ಎಂದು ಸರ್ ತಮ್ಮ ಖಾಕಿ ಪ್ಯಾಂಟು ತೋರಿಸಿದರು. ಕೊನೆಗೆ ನನ್ನ ಅಳುಮುಖ ನೋಡಿ ಆತನೇ ಒಂದು ತುದಿ ಹಿಡಿದು ಮೇಲೆ ಹೊತ್ತು ತಂದ.

ಮಂಚದ ಮೇಲೆಯೇ ಗಾಜಿಟ್ಟು, ಒಂದು ತುದಿಯನ್ನು ಸಾಬೂನಿನ ಡಬ್ಬಿಗೆ ಏರಿಸಿ, ನನ್ನ ಕಪ್ಪು ವೇಲ್ ಹಾಸಿ, ಸರ್ ಛರ್ರಾ ಉರುಳಿಸತೊಡಗಿದರು. ಕಿಟಕಿಯಲ್ಲಿ ಇನ್ನೂ ಒಳ್ಳೆ ಬಿಸಿಲಿತ್ತು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಅಷ್ಟು ಹತ್ತಿರದಿಂದ ಅವರ ಆರಿಸುವಿಕೆಯನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಛರ್ರಾ ಎಡಕ್ಕೆ ದೂರ ತಿರುಗಿ ಬಿತ್ತು, ಸರ್ ಅದನ್ನು ತಡಕಿ ತೆಗೆದು ಒಳ್ಳೆಯವುಗಳ ಜೊತೆ ಹಾಕಿದರು. ದಣಿದಿದ್ದಾರೆ ಅಂದುಕೊಂಡೆ. ಇನ್ನೊಂದು ಬೇರೆ ಮನೆಗೆ ಬಿತ್ತು, ಅದನ್ನೂ ಹಾಕಿದರು. ಬರೋಬ್ಬರಿ ಇಳಿದ ಒಂದನ್ನು ಕಸಕ್ಕೆ ತಳ್ಳಿದರು. ಸರ್, ಅದು ಸರಿ ಇತ್ತು ಅಂದೆ. ಗಾಜಿನ ವಿಷಯದಲ್ಲಿ ಬಾಯಿ ಹಾಕಬೇಡ ಎಂದು ಗದರಿದರು. ಮತ್ತೊಂದು ಬಿಟ್ಟರು. ಅದು ವೇಲ್ ದಾಟಿ ಹಾಸಿಗೆಯ ಮೇಲೆ ಬಿತ್ತು. ಸರ್ ವೇಲಿನ ಮೇಲೆಲ್ಲ ಕೈಯಾಡಿಸಿ ಹುಡುಕುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಅವರ ಕೈ ತಾನೇ ನಿಂತಿತು.

"ನನಗ ಗಾಜಿನ ತುದಿ ಕಾಣಂಗಿಲ್ಲ, ತಂಗಿ" ಅಂದರು.

ಯಾವಾಗಿನಿಂದ ಎಂದು ಕೇಳಿದೆ. ಹೋದ ದೀಪಾವಳಿಯಿಂದ ಮಂಜು ಮಂಜು, ಈ ಬೇಸಿಗೆಯಿಂದ ದೊಡ್ಡ ಆಕಾರ ಬಿಟ್ಟರೆ ಏನೂ ಇಲ್ಲ, ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು. ನಾನು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದೆ. ಹೋದ ದೀಪಾವಳಿಯ ನಂತರವೇ ನನ್ನ ಅಂಕ ಇಳಿದದ್ದು. ಒಂದು ವರ್ಷ ಇವರು ಕಾಣದ ಕಣ್ಣಿನಿಂದ ಛರ್ರಾ ಆರಿಸಿ ಕೊಟ್ಟಿದ್ದಾರೆ, ನಾನು ಒಂದು ವರ್ಷ ಹೊಟ್ಟೆಯ ಮೇಲೆ ಸೇರು ಇಟ್ಟುಕೊಂಡು ಮಲಗಿದ್ದೇನೆ. ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡವರು, ಗುರುಗಳು ಎಂಬುದೆಲ್ಲ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

"ಹಂಗಾರ ಎಲ್ಲಾರ ಮುಂದ ನನ್ನ ಉಸುರಿಗೆ ಬೈದ್ರೆಲ್ರಿ, ಅದು ಯಾಕ?"

ಸರ್ ತಲೆ ತಗ್ಗಿಸಿದ್ದರು. ಮೀಸೆಯ ಕಪ್ಪು ಬೆವರಿಗೆ ಇಳಿದಿತ್ತು. "ನಿನ್ನ ಉಸುರು ಛಲೋ ಐತೆವ್ವ. ಮೊದಲಿಂದನೂ ಛಲೋ ಐತಿ. ಗಾಜು ಬಿಟ್ಟಕೊಟ್ರ ನನಗೇನು ಕೆಲಸ ಐತಿ ಅಲ್ಲಿ, ಹೇಳು? ಬಾಗಲಾ ತಗಿಯೋದು, ಕಸಾ ಹೊಡಿಯೋದು."

ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಕೆಳಗೆ ಒಂದು ತಳ್ಳುಗಾಡಿಯಲ್ಲಿ ಬಜ್ಜಿ ಕರಿಯುತ್ತಿದ್ದರು, ಆ ವಾಸನೆ ಮೇಲಿನವರೆಗೂ ಬರುತ್ತಿತ್ತು. ಸಿಟ್ಟು ಇತ್ತು, ಬೇಕಾದಷ್ಟಿತ್ತು. ಆದರೆ ಆ ವಾಸನೆಗೆ ಸಿಟ್ಟಿನ ನಡುವೆಯೇ ಬಾಯಲ್ಲಿ ನೀರು ಬಂತು, ಅದಕ್ಕೆ ನನಗೇ ನಗು ಬಂತು, ನಗುವಿನ ಜೊತೆ ಅಳುವೂ ಬಂತು. ಮುಖ ಒರೆಸಿಕೊಂಡು ತಿರುಗಿದೆ.

"ಮೊದಲ ಹೋಗಿ ಮಿರ್ಚಿ ತರ್ರಿ. ಎರಡು ಪ್ಲೇಟ್."

ಸರ್ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಅವರು ಬರುವುದರೊಳಗೆ ಮನಸ್ಸು ತಣ್ಣಗಾಗದಿದ್ದರೂ ನಾನು ಗಾಜಿನ ಮುಂದೆ ಕೂತಿದ್ದೆ. ಬೆಂಗಳೂರಿನವರ ಮಿರ್ಚಿಯಲ್ಲಿ ಖಾರವೂ ಇರಲಿಲ್ಲ, ಉಪ್ಪೂ ಇರಲಿಲ್ಲ. ಒಂದನ್ನೂ ಬಿಡದೆ ತಿಂದೆ. ತಿಂದ ಕೈಯಿಂದಲೇ ಛರ್ರಾಕ್ಕೆ ಕೈ ಹಾಕಲು ಹೋದರೆ, ಕಣ್ಣು ಕಾಣದಿದ್ದರೂ ಸರ್‌ಗೆ ಅದು ಹೇಗೋ ಗೊತ್ತಾಯಿತು. ಎಣ್ಣೆ ಕೈ ತೊಳೆದುಕೊಂಡು ಬಾ ಎಂದು ಹಳೆಯ ದನಿಯಲ್ಲೇ ಗದರಿದರು. ಆಮೇಲೆ ಹೇಳಿಕೊಟ್ಟರು. ಬಿಡುವಾಗ ತಳ್ಳಬೇಡ, ಬೆರಳು ಸುಮ್ಮನೆ ತೆಗಿ. ಬಿದ್ದ ಜಾಗ ಆಮೇಲೆ ನೋಡು, ಮೊದಲು ತಿರುವು ನೋಡು. ಅನುಮಾನ ಬಂದದ್ದನ್ನು ಇಟ್ಟುಕೊಳ್ಳಬೇಡ. ನಾನು ಬಿಡುತ್ತ ಹೋದೆ, ಅವರು ಎಲ್ಲಿಗೆ ಹೋಯಿತು, ಎಲ್ಲಿಗೆ ಹೋಯಿತು ಎಂದು ಕೇಳುತ್ತ ಹೋದರು. ಕತ್ತಲಾಗುವ ಮುಂಚೆ ಒಂದು ಪಂದ್ಯಕ್ಕೆ ಬೇಕಾದಷ್ಟು ಆಯಿತು. ಮ್ಯಾನೇಜರ್ ಬಂದು ತನ್ನ ಗಾಜು ತೆಗೆದುಕೊಂಡು ಹೋಗುವಾಗ, ಯಾವ ಪೂಜೆ ಸಾರ್ ಇದು ಎಂದು ಕೇಳಿದ. ಡಬ್ಬಿಯಿಂದ ಚೆಲ್ಲಿದ ಕುಂಕುಮ ಹಾಸಿಗೆಯ ತುಂಬ ಆಗಿತ್ತು.

ಮರುದಿನ ನಾನು ಹೊಡೆದ ಪಂದ್ಯದ ಬಗ್ಗೆ ನನಗೆ ನೆನಪಿರುವುದು ಸರ್ ದನಿಯೊಂದೇ. ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ತೆರೆಯ ಮೇಲೆ ಬರುವ ಅಂಕ ಅವರಿಗೆ ಕಾಣಿಸದು. ಪ್ರತಿ ಹೊಡೆತಕ್ಕೂ ಪಕ್ಕದವರನ್ನು ಎಷ್ಟು ಬಂತ್ರಿ, ಎಷ್ಟು ಬಂತ್ರಿ ಎಂದು ಕೇಳುವುದು, ಅಧಿಕಾರಿ ಬಂದು ಶ್ ಅನ್ನುವುದು, ಇವರು ಸುಮ್ಮನಾಗಿ ಮುಂದಿನ ಹೊಡೆತಕ್ಕೆ ಮತ್ತೆ ಕೇಳುವುದು. ಕಡೆಕಡೆಗೆ ಆ ಅಧಿಕಾರಿಯೇ ಬೇಸತ್ತು ಇವರ ಕಿವಿಯಲ್ಲಿ ಅಂಕ ಹೇಳತೊಡಗಿದರಂತೆ. ನಾನು ಉಸಿರನ್ನು ಅದರ ಪಾಡಿಗೆ ಬಿಟ್ಟೆ. ಛಲೋ ಐತಿ ಎಂದು ಅವರೇ ಹೇಳಿದ್ದರಲ್ಲ. ಅರ್ಹತೆಯ ಗೆರೆಯನ್ನು ದಾಟಿದೆ, ದೊಡ್ಡ ಅಂತರದಿಂದೇನೂ ಅಲ್ಲ, ಉಗುರಿನಷ್ಟು. ಅದರಲ್ಲಿ ಛರ್ರಾ ಎಷ್ಟು, ಆ ಮಾತು ಎಷ್ಟು ಎಂಬುದು ನನಗೆ ಇವತ್ತಿಗೂ ತಿಳಿಯದು. ಅಪ್ಪನಿಗೆ ಫೋನು ಮಾಡಿದಾಗ ಅವರು ಕಾಲುವೆಯ ಮೇಲೆ ಯಾರದೋ ನೀರಿನ ಜಗಳದ ನಡುವೆ ಇದ್ದರು. ಸುದ್ದಿ ಕೇಳಿದವರೇ ಜಗಳದ ಎರಡೂ ಕಡೆಯವರಿಗೆ ಚಹಾ ಕುಡಿಸಿದರಂತೆ.

ವಾಪಸು ಬಂದ ಮೇಲೆ ನಾನು ಅಮ್ಮಾರಿಗೆ ಎಲ್ಲ ಹೇಳಿದೆ. ಸರ್ ಹೇಳಬೇಡ ಎಂದು ಕೈ ಮುಗಿದಿದ್ದರು, ಆದರೂ ಹೇಳಿದೆ. ಅಮ್ಮಾರು ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಕಣ್ಣಿನ ಆಸ್ಪತ್ರೆಗೆ ಹೋದರು. ಆಪರೇಷನ್ ಆಗಿ, ಕರಿ ಚಾಳೀಸು ಹಾಕಿಕೊಂಡು, ಸಿನಿಮಾ ಹೀರೋ ಥರ ಗೋದಾಮಿಗೆ ಕಾಲಿಟ್ಟ ದಿನ ಮೊದಲು ಹುಡುಕಿದ್ದು ಹೆಗ್ಗಣಗಳನ್ನು. ಇಷ್ಟೊಂದು ಆದವೇ ಎಂದು ಗಾಬರಿಯಾದರು. ಆಮೇಲೆ ಗಾಜಿನ ಮುಂದೆ ಕೂತು, ಲಾಡ್ಜಿನಲ್ಲಿ ನಾನು ಆರಿಸಿದ್ದರಲ್ಲಿ ಪಂದ್ಯ ಮುಗಿದು ಉಳಿದಿದ್ದ ಛರ್ರಾದ ಡಬ್ಬಿಯನ್ನು ತರಿಸಿಕೊಂಡರು. ಒಂದೊಂದಾಗಿ ಎಲ್ಲವನ್ನೂ ಉರುಳಿಸಿದರು. ನನಗೆ ಪಂದ್ಯದಲ್ಲೂ ಅಷ್ಟು ಎದೆ ಹೊಡೆದುಕೊಂಡಿರಲಿಲ್ಲ. ಎಲ್ಲ ಮುಗಿದ ಮೇಲೆ ಮುಚ್ಚಳ ಮುಚ್ಚಿ ಡಬ್ಬಿಯನ್ನು ನನ್ನ ಕಡೆ ಸರಿಸಿ, ಇದರಾಗ ತಗಿಯೋದೇನೂ ಇಲ್ಲ ಅಂದರು. ಬೆಂಕಿಪೊಟ್ಟಣವನ್ನು ಗಾಜಿನ ಕೆಳಗೆ ಒಂಚೂರು ಸರಿಸಿ ಎದ್ದರು. ಅವತ್ತಿನಿಂದ ಗಾಜಿನ ಒಂದು ಪಕ್ಕ ಅವರು, ಇನ್ನೊಂದು ಪಕ್ಕ ನಾನು. ನಾನು ಆರಿಸಿದ್ದಕ್ಕೆ ಅವರು ಕೊಂಕು ತೆಗೆಯುವುದು, ಅವರು ಆರಿಸಿದ್ದಕ್ಕೆ ನಾನು ತೆಗೆಯುವುದು. ನನಗೆ ಕೊಪ್ಪಳದಲ್ಲಿ ನೌಕರಿ ಸಿಕ್ಕ ಮೇಲೂ ಭಾನುವಾರ ತಪ್ಪಿಸಲಿಲ್ಲ. ಬರುವಾಗ ಮಿರ್ಚಿ ತರುತ್ತಿದ್ದೆ. ತಿಂದು, ಕೈ ತೊಳೆದು, ಕೂರುತ್ತಿದ್ದೆವು.

ಶ್ರಾವಣದ ಒಂದು ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಅಡ್ಡಾಗುತ್ತೇನೆ ಎಂದು ಮಲಗಿದವರು ಏಳಲಿಲ್ಲ. ಹೃದಯ ನಿಂತಿತ್ತು. ಹಿಂದಿನ ಭಾನುವಾರವಷ್ಟೇ ನನ್ನ ಬಂದೂಕಿಗೆ ಹೊಸದೊಂದು ಡಬ್ಬಿ ನೋಡಿ, ಇಂಥ ಸಂಬಂಧ ಹುಡುಕಿದರೂ ಸಿಗುವುದಿಲ್ಲ ಎಂದು ಬಡಾಯಿ ಕೊಚ್ಚಿಕೊಂಡಿದ್ದರು. ಬಡಾಯಿ ಆಗಿರಲಿಲ್ಲ. ಹೊಡೆದು ನೋಡಿದ್ದೆವು, ಎಲ್ಲ ಒಂದೇ ತೂತಿನಲ್ಲಿ ಹೋಗಿದ್ದವು. ಪಂದ್ಯಕ್ಕೆಂದು ಅದನ್ನು ಎತ್ತಿಟ್ಟಿದ್ದೆ. ಅವರು ಆರಿಸಿದ ಕಡೆಯ ಡಬ್ಬಿ ಅದು.

ಈ ಸಲದ ಆಯುಧ ಪೂಜೆಯನ್ನು ನಿಲ್ಲಿಸಬೇಕೆಂದು ಕೆಲವರು ಅಂದರು. ಅಮ್ಮಾರೇ ನಿಲ್ಲಿಸುವುದು ಬೇಡ, ಬಂದೂಕುಗಳು ಮುನಿಸಿಕೊಳ್ಳುತ್ತವೆ ಅಂದರು. ನಾನು ಬಾಳೆಲೆ ಹಾಸಿ ಬಂದೂಕುಗಳನ್ನು ಮಲಗಿಸಿದೆ. ಛರ್ರಾದ ಡಬ್ಬಿಗಳ ಮುಚ್ಚಳಕ್ಕೆಲ್ಲ ಹಿಂದಿನ ದಿನವೇ ಬಿಗಿಯಾಗಿ ಟೇಪು ಸುತ್ತಿದ್ದೆ. ಅಮ್ಮಾರು ಕುಂಕುಮವನ್ನು ಇನ್ನು ತಮ್ಮ ಕೈಯಿಂದ ಹಾಕುವುದಿಲ್ಲ ಎಂದು ಬಟ್ಟಲನ್ನು ನನ್ನ ಕೈಗೆ ಕೊಟ್ಟು ಸ್ವಲ್ಪ ಹಿಂದೆ ಸರಿದು ನಿಂತರು. ನಾನು ಬಂದೂಕುಗಳಿಗೆ ಹಚ್ಚಿದೆ, ಗಾಜಿನ ಅಂಚಿಗೆ ಹಚ್ಚಿದೆ. ಡಬ್ಬಿಗಳ ಹತ್ತಿರ ಬಂದಾಗ ಹಿಂದಿನಿಂದ ಅಮ್ಮಾರ ದನಿ ಕೇಳಿತು.

"ಮುಚ್ಚಿದ ಡಬ್ಬಿಗೆ ಪೂಜಿ ಮುಟ್ಟಂಗಿಲ್ಲ ಅಂತಿದ್ರು."

ನಾನು ಸರ್ ಆರಿಸಿದ್ದ ಆ ಕೊನೆಯ ಡಬ್ಬಿಯ ಟೇಪು ಕಿತ್ತು ಮುಚ್ಚಳ ತೆಗೆದೆ. ಛರ್ರಾಗಳು ಒಂದರಂತೆ ಒಂದು ಮಿರುಗುತ್ತಿದ್ದವು. ಹಿಡಿ ತುಂಬ ಕುಂಕುಮ ಹಾಕಿದೆ. ಕಾಯಿ ಒಡೆದು ಅದರ ನೀರನ್ನೂ ಹಾಕಿದೆ. ಅಮ್ಮಾರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ನಕ್ಕರೋ ಅತ್ತರೋ ನಾನು ತಿರುಗಿ ನೋಡಲಿಲ್ಲ. ಮುಚ್ಚಳ ಮುಚ್ಚಿ, ಡಬ್ಬಿಯನ್ನು ಗಾಜಿನ ಪಕ್ಕದಲ್ಲಿ ಅವರು ಕೂರುತ್ತಿದ್ದ ಕಡೆ ಇಟ್ಟೆ. ಮುಂದಿನ ವಾರ ಪಂದ್ಯ ಇದೆ. ಅದಕ್ಕೆ ಬೇಕಾದ ಛರ್ರಾವನ್ನು ನಾನೇ ಆರಿಸಿಕೊಳ್ಳುತ್ತೇನೆ.